ಟರ್ಮಿನಲ್‌ನಲ್ಲಿ ಕನ್ನಡ ಹೆಸರು ಒಡೆದು ಕಂಡರೆ

ನಮಸ್ಕಾರ. ಪುಣೆಯ ನಿಮ್ಮ ಕನ್ನಡ ಸಂಘದ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಕನ್ನಡದಲ್ಲೇ ಹೆಸರಿಟ್ಟಿದ್ದೀರಿ. ಉಬುಂಟು ಕಂಪ್ಯೂಟರಿನ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿಯಲ್ಲಿ, ಆ ಹೆಸರುಗಳು ಒಡೆದು ಕಾಣುತ್ತಿವೆ, ಫೈಲ್ ಹಾಳಾಯ್ತಾ ಅಂತ ಕೇಳಿದ್ದೀರಿ. ಇಲ್ಲ, ಗಾಬರಿ ಬೇಡ.

ಟರ್ಮಿನಲ್ ಪರದೆಯನ್ನು ಒಂದೇ ಅಗಲದ ಮನೆಗಳಾಗಿ ಹಂಚಿ, ಮನೆಗೊಂದು ಅಕ್ಷರ ಕೂರಿಸುತ್ತದೆ. ಇಂಗ್ಲಿಷ್‌ಗೆ ಅಷ್ಟು ಸಾಕು. ನಮ್ಮ ಒತ್ತಕ್ಷರ ಅದರಲ್ಲಿ ಹಿಡಿಸುವುದಿಲ್ಲ. ‘ಸಂಕ್ರಾಂತಿ’ಯ ‘ಕ್ರಾಂ’ ಬಿಡಿಬಿಡಿಯಾಗಿ ಚೆಲ್ಲಿಹೋಗುತ್ತದೆ. ಅದೇ ಫೋಲ್ಡರನ್ನು ಮೌಸ್‌ನಿಂದ ತೆರೆಯಿರಿ, ಹೆಸರು ನೆಟ್ಟಗೇ ಇರುತ್ತದೆ. ಒಳಗಿನ ಯೂನಿಕೋಡ್, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಉಳಿಸಿಡುವ ಸಂಕೇತ, ಎರಡೂ ಕಡೆ ಒಂದೇ.

ಇಷ್ಟಕ್ಕೇ ಟರ್ಮಿನಲ್ ಬಿಡಬೇಡಿ. ನೂರಾರು ಫೈಲ್‌ಗಳ ಹೆಸರು ಒಟ್ಟಿಗೆ ಬದಲಿಸಲು ಅದೇ ವಾಸಿ. ಉದ್ದದ ಹೆಸರಿದ್ದರೆ ಮೊದಲೆರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿ. ಬೇರೆ ಹೆಸರು ಹಾಗೇ ಶುರುವಾಗದಿದ್ದರೆ ಉಳಿದದ್ದನ್ನು ಅದೇ ತುಂಬುತ್ತದೆ. ಆದರೆ ಹೆಸರು ಬದಲಿಸುವ ಎಂವಿ (mv) ಆಜ್ಞೆ ಬಳಸುವಾಗ ಹುಷಾರು. ಹೊಸ ಹೆಸರಿನ ಫೈಲ್ ಮೊದಲೇ ಇದ್ದರೆ ಸಾಮಾನ್ಯವಾಗಿ ಅದು ಕೇಳುವುದೇ ಇಲ್ಲ, ಹಳೆಯದರ ಮೇಲೆ ಬರೆದುಬಿಡುತ್ತದೆ. ಆಜ್ಞೆಯ ಜೊತೆಗೆ ಮೈನಸ್ ಐ (-i) ಸೇರಿಸಿದರೆ ಒಂದು ಮಾತು ಕೇಳಿ ಮುಂದುವರಿಯುತ್ತದೆ. ಹಳೆಯ ಸಂಚಿಕೆಗಳು ಮತ್ತೆ ಸಿಗುವುದಿಲ್ಲ, ದಯವಿಟ್ಟು ಒಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇಟ್ಟೇ ಶುರು ಮಾಡಿ.

ಮುಖಪುಟ ನೋಡಿ ಆರಿಸುವ ಕೆಲಸಕ್ಕೆ ಮಾತ್ರ ಮೌಸೇ ಸರಿ. ಅಲ್ಲಿ ಚಿತ್ರ ಕಣ್ಣಿಗೆ ಕಾಣಬೇಕು ಅಲ್ವಾ.