ಬೆನ್ನಿನ ಇಂಜೆಕ್ಷನ್ ಆದಮೇಲೆ ನೋವು ಹೆಚ್ಚಾದರೆ

ಹಾಸನದ ಓದುಗರೊಬ್ಬರು ಬರೆದಿದ್ದಾರೆ: ‘ಅಮ್ಮನಿಗೆ 68 ವರ್ಷ, ಶುಗರ್ ಇದೆ. ಸೊಂಟನೋವಿಗೆ ಬೆನ್ನುಮೂಳೆಯ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡೋಣ ಅಂದಿದ್ದಾರೆ ಡಾಕ್ಟರು. ಅಮೆರಿಕದಲ್ಲಿ ಇಂಥದ್ದರಿಂದ ಸೋಂಕಾಗಿ ಜನ ಸತ್ತರಂತೆ. ಬೇಡ ಅಂದುಬಿಡಲಾ?’

ಸಂಪಾದಕರ ಉತ್ತರ: ನೀವು ಕೇಳಿದ್ದು ಸುಳ್ಳಲ್ಲ. ಅದು 2012ರ ಮಾತು. ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನಲ್ಲಿದ್ದ ಔಷಧ ಘಟಕವೊಂದರ ಸ್ಟೀರಾಯ್ಡ್ ಸೀಸೆಗಳಲ್ಲಿ ಬೂಷ್ಟು ಸೇರಿತ್ತು. 750ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು, 60ಕ್ಕೂ ಹೆಚ್ಚು ಜನ ಸತ್ತರು. ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಮಾಲು ಕಳಿಸಿದ್ದರು ಅಂದರೆ ನಂಬುತ್ತೀರಾ? ಆದರೆ ಅಲ್ಲಿ ಕೆಟ್ಟಿದ್ದು ಔಷಧ. ಡಾಕ್ಟರ ಕೈಯೂ ಅಲ್ಲ, ಚಿಕಿತ್ಸೆಯ ವಿಧಾನವೂ ಅಲ್ಲ.

ಸಾಮಾನ್ಯವಾಗಿ ಸೋಂಕು ತರುವುದು ನಮ್ಮ ಚರ್ಮದ ಮೇಲೇ ಇರುವ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಸೂಜಿಯ ಜೊತೆ ಒಳಗೆ ಹೋಗುತ್ತದೆ. ಹೀಗಾಗುವುದು ತೀರಾ ಅಪರೂಪ. ಬರೀ ಈ ಭಯಕ್ಕೆ ಬೇಡ ಅನ್ನಬೇಕಿಲ್ಲ. (ಈ ಇಂಜೆಕ್ಷನ್ ಎಲ್ಲರಿಗೂ ಹಿಡಿಯುವುದಿಲ್ಲ. ಅದನ್ನು ಡಾಕ್ಟರ ಹತ್ತಿರ ಬಿಚ್ಚಿ ಕೇಳಿ.) ಶುಗರ್ ಇದ್ದವರಿಗೆ ಅಪಾಯ ಸ್ವಲ್ಪ ಹೆಚ್ಚು. ಸ್ಟೀರಾಯ್ಡ್ ಕೆಲವು ದಿನ ಶುಗರನ್ನೂ ಏರಿಸುತ್ತದೆ. ಹಾಗಾಗಿ ಮೊದಲು ಅದು ಹತೋಟಿಗೆ ಬರಲಿ. ಜ್ವರವೋ, ಮೈಮೇಲೆ ಕೀವಿನ ಗಾಯವೋ ಇದ್ದರೆ ಇಂಜೆಕ್ಷನ್ ಮುಂದಕ್ಕೆ ಹಾಕಿಸಿ.

ನಮಗೆ ಹೆಚ್ಚು ಭಯವಿರುವುದು ಸೋಂಕು ಗೊತ್ತಾಗದೆ ಕಳೆಯುವ ದಿನಗಳದ್ದು. ಬೆನ್ನುನೋವಿಗೆ ಇಂಜೆಕ್ಷನ್ ತಗೊಂಡವರಿಗೆ ಬೆನ್ನು ನೋಯುತ್ತಿದ್ದರೆ ಯಾರಿಗೆ ಅನುಮಾನ ಬರುತ್ತದೆ ಹೇಳಿ? ‘ಹಳೇ ನೋವೇ, ಇಂಜೆಕ್ಷನ್ ಹಿಡೀಲಿಲ್ಲ’ ಅಂತ ಮನೆಯವರು ಸುಮ್ಮನಾಗುತ್ತಾರೆ. ಎಷ್ಟೋ ಸಲ ಜ್ವರವೂ ಇರುವುದಿಲ್ಲ, ಸ್ಟೀರಾಯ್ಡ್ ಅದನ್ನು ಮುಚ್ಚಿಡಬಹುದು. ಒಂದೆರಡು ದಿನ ಸೂಜಿ ಚುಚ್ಚಿದ ಜಾಗ ನೋಯುವುದು ಸಹಜ. ಆಮೇಲೆ, ಎರಡು ಮೂರು ವಾರ ಕಳೆದ ಮೇಲಾದರೂ ಸರಿ, ನೋವು ದಿನದಿನಕ್ಕೆ ಏರುತ್ತಿದ್ದರೆ, ಮಲಗಿದರೂ ಬಿಡದಿದ್ದರೆ, ಚಳಿ ಬಂದರೆ ಕಾಯಬೇಡಿ.

ಮೆಡಿಕಲ್ ಶಾಪಿನ ಆಂಟಿಬಯೋಟಿಕ್ ನುಂಗಿಸಬೇಡಿ. ಆಮೇಲೆ ರಕ್ತದ ಕಲ್ಚರ್‌ನಲ್ಲಿ (ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ರೋಗಾಣು ಸಿಗದೇ ಹೋಗಬಹುದು. ಆಸ್ಪತ್ರೆಯಲ್ಲಿ ಮೊದಲ ಮಾತೇ ‘ಇಂಥ ದಿನ, ಇಂಥ ಜಾಗಕ್ಕೆ ಇಂಜೆಕ್ಷನ್ ಆಗಿದೆ’ ಅಂತಿರಲಿ. ಎಕ್ಸ್‌ರೇಯಲ್ಲಿ ಶುರುವಿನಲ್ಲಿ ಏನೂ ಕಾಣದಿರಬಹುದು, ಎಂಆರ್‌ಐ ಬೇಕಾಗುತ್ತದೆ. ಬೇಗ ಸಿಕ್ಕಿದರೆ ಹೆಚ್ಚಿನವರಿಗೆ ಕೆಲವು ವಾರಗಳ ಆಂಟಿಬಯೋಟಿಕ್ ಸಾಕು. ಕಾಲಿನ ಶಕ್ತಿ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಮಾತ್ರ ಬೆಳಗಾಗಲಿ ಅನ್ನಬೇಡಿ. ಕೀವು ನರಗಳನ್ನು ಒತ್ತುತ್ತಿರಬಹುದು, ಆ ರಾತ್ರಿಯೇ ದೊಡ್ಡಾಸ್ಪತ್ರೆಗೆ ಹೋಗಿ.