ವೀಲ್‌ಚೇರ್ ತಳ್ಳಿದರೆ ಭುಜ ನೋವು: ಮೊದಲು ಕುರ್ಚಿ ನೋಡಿ

ಅರ್ಧ ಗಂಟೆ ಪಾರ್ಕ್ ಸುತ್ತಿದರೆ ಎರಡು ದಿನ ಭುಜ ನೋವು, ಹೊರಗೆ ಹೋಗೋದೇ ಬಿಟ್ಟಿದ್ದೀನಿ ಅಂದಿದ್ದೀರಿ. ಬಹುಶಃ ತಪ್ಪು ತೋಳಿನದಲ್ಲ: ಹಿಂದಿನ ಚಕ್ರ ತೀರಾ ಹಿಂದಿದೆ, ಇಲ್ಲವೇ ಟೈರಲ್ಲಿ ಗಾಳಿ ಕಮ್ಮಿ. ಕುರ್ಚಿ ನೋಡದೆ ಯಾವುದು ಅಂತ ಹೇಳೋಕಾಗಲ್ಲ, ಸುಲಭದ್ದರಿಂದ ಶುರು ಮಾಡಿ.

ಎಷ್ಟು ಗಾಳಿ ಬೇಕು ಅನ್ನೋದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತೆ. ಹೆಬ್ಬೆರಳಲ್ಲಿ ಒತ್ತಿ ನೋಡಿ ಸಾಕು ಅನ್ನಬೇಡಿ, ಗೇಜ್ ಹಾಕಿ. ಮುಂದಿನ ಚಿಕ್ಕ ಗಾಲಿಗಳನ್ನು ಬಿಚ್ಚಿ ಒಳಗೆ ಸುತ್ತಿಕೊಂಡ ಕೂದಲು, ದಾರ ತೆಗೆಯಿರಿ. ಉಂಡೆ ಉಂಡೆಯಾಗಿ ಬರುತ್ತೆ!

ಈಗ ನೆಟ್ಟಗೆ ಕೂತು, ಚಕ್ರದ ಹೊರಬದಿಯಲ್ಲಿ ಕೈಯಿಂದ ತಳ್ಳೋ ಬಳೆಯ, ಅಂದರೆ ರಿಮ್‌ನ ನೆತ್ತಿಯ ಮೇಲೆ ಕೈ ಇಡಿ. ಮೊಣಕೈ ಕೋನ 100ರಿಂದ 120 ಡಿಗ್ರಿ, ಅಂದರೆ ಲಂಬಕೋನಕ್ಕಿಂತ ತುಸು ಬಿಚ್ಚಿಕೊಂಡಿರಬೇಕು. ಕೈ ಹಿಂದಕ್ಕೆ ಚಾಚಿದರಷ್ಟೇ ರಿಮ್ ಸಿಗುತ್ತೆ ಅನ್ನೋದಾದರೆ ಆಕ್ಸಲ್ (ಹಿಂದಿನ ಚಕ್ರದ ಅಚ್ಚು) ಮುಂದಕ್ಕೆ ಬರಬೇಕು. ಒಂದು ಸಲಕ್ಕೆ 1 ಸೆಂ.ಮೀ. ಮಾತ್ರ. ಮುಂದಕ್ಕೆ ತಂದಷ್ಟೂ ತಳ್ಳೋದು ಹಗುರ, ಆದರೆ ಕುರ್ಚಿ ಹಿಂದಕ್ಕೆ ಮಗುಚೋದೂ ಅಷ್ಟೇ ಸುಲಭ. ಹಿಂದಕ್ಕೆ ಮಗುಚದಂತೆ ತಡೆಯೋ ಆಂಟಿ-ಟಿಪ್ ಗಾಲಿ ಹಾಕಿ, ಹಿಂದೆ ಒಬ್ಬರನ್ನು ನಿಲ್ಲಿಸಿಕೊಂಡು ಪರೀಕ್ಷಿಸಿ. ಚಕ್ರ ಸರಿದರೆ ಬ್ರೇಕ್ ಹಿಡಿಯಲ್ಲ, ಅದನ್ನೂ ಮತ್ತೆ ಹೊಂದಿಸಿ. ಕೆಲವು ಮಡಚುವ ಕುರ್ಚಿಗಳಲ್ಲಿ ಆಕ್ಸಲ್ ಜಾಗ ಬದಲಿಸೋಕೇ ಬರಲ್ಲ.

ತಳ್ಳುವಾಗ ಚಿಕ್ಕ ಚಿಕ್ಕ ಏಟು ಬೇಡ. ಉದ್ದಕ್ಕೆ ಒಮ್ಮೆ ತಳ್ಳಿ, ಕೈ ಸಡಿಲ ಬಿಟ್ಟು ರಿಮ್‌ಗಿಂತ ಕೆಳಗಿನಿಂದ ಹಿಂದಕ್ಕೆ ತನ್ನಿ.

ರಾತ್ರಿ ಮಗ್ಗುಲಾದಾಗಲೂ ನೋವಿದ್ದರೆ, ತೋಳು ಎತ್ತೋಕೆ ಆಗದಿದ್ದರೆ ಇದೆಲ್ಲಕ್ಕೂ ಮೊದಲು ವೈದ್ಯರಿಗೆ ತೋರಿಸಿ. ಇಲ್ಲದಿದ್ದರೆ ನೋವಿಳಿದ ಮೇಲೆ ಹತ್ತು ನಿಮಿಷದ ಸುತ್ತಿನಿಂದ ಮತ್ತೆ ಪಾರ್ಕಿಗೆ ಹೊರಡಿ.