ಟಾಪ್ ಅಪ್ ಸಾಲದು ಸರ್, ಬ್ರೇಕ್ ಆಯಿಲ್ ಪೂರ್ತಿ ಬದಲಿಸಿಯೇ ಮಡಿಕೇರಿಗೆ ಹೋಗಿ

ಸರ್, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಬಾಗಲಕೋಟೆಯಿಂದ ಮಡಿಕೇರಿಗೆ ವರ್ಗ ಆಗಿದೆ, ಮಳೆಗಾಲಕ್ಕೆ ಮುಂಚೆ ಹೋಗಬೇಕು, 97ರ ಮಾರುತಿ ಝೆನ್ ಕಾರು ಜೊತೆಗೇ ಬರುತ್ತದೆ. ಖುಷಿಯ ಸುದ್ದಿ. ಆದರೆ ಕೊನೆಯ ನಾಲ್ಕು ಸಾಲು ಓದಿ ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಗಾಡಿ ಇಳಿಸೋ ಸ್ಪ್ರಿಂಗ್ ಹಾಕಿಸಿದ್ದೀರಿ, ಅಗಲದ ಟೈರ್ ಹಾಕಿಸಿದ್ದೀರಿ, ವಾಟರ್‌ಪ್ರೂಫ್ ಕವರ್ ತಂದಿಟ್ಟಿದ್ದೀರಿ. ಅದರ ಮೇಲೆ "ಬ್ರೇಕ್ ಆಯಿಲ್ ಟಾಪ್ ಅಪ್ ಆಗಿದೆ, ಘಾಟ್ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತೆ" ಅಂತ ಬೇರೆ ಬರೆದಿದ್ದೀರಿ. ಕೆಳಗೆ ಹನ್ನೆರಡು ಜನ ಹೆಬ್ಬೆರಳು ಒತ್ತಿದ್ದಾರೆ. ಒತ್ತಿದವರಲ್ಲಿ ಎಷ್ಟು ಜನ ಘಾಟ್ ಇಳಿದಿದ್ದಾರೋ ಗೊತ್ತಿಲ್ಲ.

ಇದೇ ಕೆಲಸ ನಾನೂ ಮಾಡಿದ್ದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ಬೇಜಾರಾಗಬೇಡಿ.

ನಾನು ವಿಜಯಪುರದವನು. ನಮ್ಮೂರಲ್ಲಿ ದೊಡ್ಡ ಏರು ಅಂದರೆ ರೈಲ್ವೆ ಓವರ್‌ಬ್ರಿಜ್. ಕೆಲಸದ ಮೇಲೆ ನಾಲ್ಕು ವರ್ಷ ಮಡಿಕೇರಿಯಲ್ಲಿದ್ದೆ, ಈಗ ಬೆಳಗಾವಿಯಲ್ಲಿದ್ದೇನೆ. 2011ರ ಫೆಬ್ರುವರಿ. ಅತ್ತೆ ಮಾವ ಊರಿಂದ ಬಂದಿದ್ದರು, ಸಮುದ್ರ ನೋಡಬೇಕು ಅಂದರು. ನನ್ನ 2001ರ ಮಾರುತಿ ಎಸ್ಟೀಮ್ ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು, ಅತ್ತೆಯ ತೊಡೆ ಮೇಲೆ ರೊಟ್ಟಿ ಗಂಟು. ಮಂಗಳೂರಿಗೆ ಹೊರಟೆವು. ಮದೆನಾಡು ದಾಟಿ ಸಂಪಾಜೆ ಘಾಟ್ ಇಳಿಯುವಾಗ ನಾನು ಜಾಣ, ನ್ಯೂಟ್ರಲ್ ಹಾಕಿದೆ. ಮುಂದೆ ಒಂದು ಬಸ್. ಅದರ ಹಿಂದೆ ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇಳಿದೆ. ಮೊದಲು ಸುಟ್ಟ ವಾಸನೆ ಬಂತು. ಮಾವ "ಯಾರೋ ಕಸ ಸುಡ್ತಿದಾರ" ಅಂದರು. ನಾನೂ ಹೌದು ಅಂದೆ. ಎರಡು ತಿರುವು ಆದ ಮೇಲೆ ಪೆಡಲ್ ಒತ್ತಿದರೆ ಹಿಂಡಿದ ಸ್ಪಂಜಿನ ಹಾಗೆ ಸುಮ್ಮನೆ ಕೆಳಗೆ ಹೋಯಿತು. ಇನ್ನೊಮ್ಮೆ ಒತ್ತಿದೆ, ನೆಲಕ್ಕೇ ಮುಟ್ಟಿತು. ಬಸ್ಸಿನ ಹಿಂದಿನ ಗ್ಲಾಸು ದೊಡ್ಡದಾಗುತ್ತಾ ಬಂತು.

ಪಟಪಟ ಪಂಪ್ ಮಾಡಿದೆ, ಸ್ವಲ್ಪ ಹಿಡಿಯಿತು. ಮೂರನೇ ಗೇರ್, ಆಮೇಲೆ ಎರಡು, ಇಂಜಿನ್ ಕಿರುಚಿತು. ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದುಕೊಂಡೇ ಮೆಲ್ಲಗೆ ಎಳೆದೆ. ಗುಡ್ಡದ ಕಡೆಯ ಮಣ್ಣಿಗೆ ಎಡಗಡೆ ಚಕ್ರ ಹತ್ತಿಸಿದ ಮೇಲೆ ನಿಂತಿತು. ಕಣಿವೆ ಕಡೆ ಅಲ್ಲ, ಗುಡ್ಡದ ಕಡೆ. ಇದನ್ನು ನೆನಪಿಟ್ಟುಕೊಳ್ಳಿ. ಯಾರಿಗೂ ಏನೂ ಆಗಲಿಲ್ಲ. ಅತ್ತೆ ಮಾತ್ರ ಸುಳ್ಯದವರೆಗೆ ಮಾತಾಡಲಿಲ್ಲ.

ತಮಾಷೆ ಏನು ಗೊತ್ತಾ? ಅರ್ಧ ಗಂಟೆ ನಿಂತ ಮೇಲೆ ಪೆಡಲ್ ಮೊದಲಿನಷ್ಟೇ ಗಟ್ಟಿ. ಏನೂ ಆಗೇ ಇಲ್ಲ ಅನ್ನೋ ಹಾಗೆ. ಎಷ್ಟೋ ಜನ ಮೋಸ ಹೋಗೋದು ಇಲ್ಲೇ. "ಸರಿ ಆಯ್ತಲ್ಲ" ಅಂತ ಮತ್ತೆ ಹೊರಡುತ್ತಾರೆ.

ಮೆಕ್ಯಾನಿಕ್ ಆಯಿಲ್ ತೆಗೆದು ಬಾಟಲಿಗೆ ಹಾಕಿ ತೋರಿಸಿದ. ಹೊಸ ಬ್ರೇಕ್ ಆಯಿಲ್ ಕುಸುಬೆ ಎಣ್ಣೆಯ ಹಾಗೆ ತಿಳಿಯಾಗಿರುತ್ತದೆ. ನನ್ನದು ಚಹಾ ಡಿಕಾಕ್ಷನ್. ಕೆಳಗೆ ಕಪ್ಪು ಗಸಿ ಬೇರೆ. ಗಾಡಿ ತಗೊಂಡಾಗಿನಿಂದ ಆರು ವರ್ಷ ಬರೀ ಟಾಪ್ ಅಪ್. ಊರಲ್ಲಿ ಸರ್ವಿಸ್ ಮಾಡುತ್ತಿದ್ದವರು ಪ್ರತಿ ಸಲ "ಆಯಿಲ್ ಫುಲ್ ಐತ್ರೀ" ಅನ್ನುತ್ತಿದ್ದರು. ಫುಲ್ ಇತ್ತು, ಸುಳ್ಳಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಬಾಟಲಿ ಮೇಲೆ ಬರೆದಿರುವ ಡಾಟ್ ಅಂದರೆ ಆಯಿಲ್‌ನ ದರ್ಜೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಗೆ ಕುದಿಯಬೇಕು, ಡಾಟ್ 4 ಆದರೆ 230ಕ್ಕೆ. ನೀರಿನ ಅಂಶ 3.7% ಆದಾಗ ಆ ಮಟ್ಟ 140 ಮತ್ತು 155ಕ್ಕೆ ಇಳಿಯುತ್ತದೆ. ಘಾಟಿನಲ್ಲಿ ಕಾಲು ಎತ್ತದೆ ಬ್ರೇಕ್ ಹಿಡಿದರೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ಚಕ್ರದ ಡಿಸ್ಕಿಗೆ ಒತ್ತುವ ಭಾಗ) ಹತ್ತಿರ ಆ ಬಿಸಿ ಬರೋದು ದೊಡ್ಡ ಮಾತಲ್ಲ. ಕುದಿದರೆ ಆವಿ. ನೀವು ಪೆಡಲ್ ಒತ್ತಿದಾಗ ಆ ಆವಿ ಕುಗ್ಗುತ್ತದೆ ಅಷ್ಟೇ, ಪ್ಯಾಡ್‌ವರೆಗೆ ಒತ್ತಡ ಹೋಗುವುದಿಲ್ಲ. ತಣ್ಣಗಾದರೆ ಆವಿ ಮತ್ತೆ ದ್ರವ ಆಗುತ್ತದೆ, ಪೆಡಲ್ ವಾಪಸ್. ಪ್ಯಾಡ್ ಸುಟ್ಟಾಗ ಆಗೋದು ಬೇರೆ, ಪೆಡಲ್ ಕಲ್ಲಿನಂತೆ ಗಟ್ಟಿ ಇರುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡರ ವ್ಯತ್ಯಾಸ ಕಾಲಿಗೆ ಗೊತ್ತಿರಬೇಕು.

ನಮ್ಮ ಬಯಲುಸೀಮೆಯಲ್ಲಿ ಹಳೇ ಆಯಿಲ್ ಸಮಸ್ಯೆ ತೋರಿಸೋದೇ ಇಲ್ಲ. ಬಾಗಲಕೋಟೆಯಿಂದ ಇಳಕಲ್‌ಗೆ ಹೋಗಿ ಬರಲು ಬ್ರೇಕ್ ಎಷ್ಟು ಸಲ ಒತ್ತುತ್ತೀರಿ? ಎಮ್ಮೆ ಬಂದಾಗ, ಟೋಲ್ ಬಂದಾಗ.

ಹಾಗಾಗಿ ಹೊರಡುವ ಮುಂಚೆ ಪೂರ್ತಿ ಹಳೇದು ತೆಗೆದು ಹೊಸ ಡಾಟ್ 4 ಹಾಕಿಸಿ. ಬಾಷ್, ಕ್ಯಾಸ್ಟ್ರಾಲ್ ಯಾವುದಾದರೂ ನಡೆಯುತ್ತೆ, ನಾನು ಬಾಷ್ ಹಾಕುತ್ತೇನೆ. ಸೀಲ್ ಇರುವ ಬಾಟಲಿಯೇ ಬೇಕು. ಗ್ಯಾರೇಜಿನ ಮೂಲೆಯಲ್ಲಿ ಮುಚ್ಚಳ ಸಡಿಲ ಬಿಟ್ಟು ಇಟ್ಟಿದ್ದು ಪುಕ್ಕಟೆ ಕೊಟ್ಟರೂ ಬೇಡ. ಡಾಟ್ 5 ಅಂತ ಬರುವುದು ಸಿಲಿಕೋನ್, ಅದನ್ನು ಬೆರೆಸಬೇಡಿ. 5.1 ಬೇರೆ, ಅದು ನಡೆಯುತ್ತೆ, ಆದರೆ ನಿಮ್ಮ ಗಾಡಿಗೆ ದುಡ್ಡು ದಂಡ. ಯಾರಾದರೂ ಪುಣ್ಯಾತ್ಮ ಗಾಡಿಯ ಬ್ರೇಕ್ ಆಯಿಲ್ ಡಬ್ಬಿಗೆ ಇಂಜಿನ್ ಆಯಿಲ್ ಹಾಕಿದರೆ ಎಲ್ಲ ರಬ್ಬರ್ ಉಬ್ಬಿ ಹೋಗುತ್ತದೆ. ನಗಬೇಡಿ, ಇದೇ ಗುಂಪಿನಲ್ಲಿ ಹೋದ ವರ್ಷ ಒಬ್ಬರು ಹಾಕಿದ್ದರು.

ಆಯಿಲ್ ಬದಲಿಸೋದನ್ನು ನಾನು ಮನೆಯಲ್ಲೇ ಮಾಡುತ್ತೇನೆ. ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಅತಿ ದೂರದ ಚಕ್ರದಿಂದ ಶುರು. ಚಕ್ರದ ಹತ್ತಿರ ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಪಾರದರ್ಶಕ ಪೈಪ್, ಅದರ ತುದಿ ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಬೇಕು. ಒಳಗೆ ಕೂತವರು ಪೆಡಲ್ ಒತ್ತಿ ಹಿಡಿಯಬೇಕು, ನೀವು ನಿಪ್ಪಲ್ ಸಡಿಲಿಸಿ, ಆಯಿಲ್ ಬರುತ್ತೆ, ಬಿಗಿ ಮಾಡಿ, ಆಮೇಲೆ ಅವರು ಕಾಲು ಬಿಡಬೇಕು. ಬಿಗಿ ಮಾಡುವ ಮುಂಚೆ ಕಾಲು ಬಿಟ್ಟರೆ ಗಾಳಿ ಒಳಗೆ, ಎಲ್ಲ ಮೊದಲಿಂದ. ನನ್ನ ಮಗ ಹತ್ತು ವರ್ಷದವನಿದ್ದಾಗಿನಿಂದ ಈ ಕೆಲಸಕ್ಕೆ ಕೂರುತ್ತಿದ್ದ. "ಒತ್ತು", "ಬಿಡು", "ಬಿಡಬೇಡ ಅಂದೆನಲ್ಲ" ಇಷ್ಟೇ ನಮ್ಮ ಭಾನುವಾರದ ಮಾತುಕತೆ. ಪೈಪಿನಲ್ಲಿ ಕಂದು ಬಣ್ಣ ಹೋಗಿ ತಿಳಿ ಬರುವವರೆಗೆ ಮಾಡಬೇಕು. ನಡುವೆ ಡಬ್ಬಿ ಖಾಲಿ ಆಗದಂತೆ ನೋಡಿಕೊಳ್ಳಿ. ಸಣ್ಣ ಗಾಡಿಗೆ ಅರ್ಧ ಲೀಟರ್ ಬೇಕಾದಷ್ಟು. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ನೀವು ಅಷ್ಟು ಪ್ರೀತಿಯಿಂದ ಮಾಡಿಸಿದ ಬಣ್ಣ ಎದ್ದು ಬರುತ್ತದೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯವರು ಇದನ್ನು ನೋಡಿ ಮನೆಯಲ್ಲಿ ಕೈ ಹಾಕಬೇಡಿ, ಕೆಲವಕ್ಕೆ ಸ್ಕ್ಯಾನರ್ ಬೇಕಾಗುತ್ತೆ. ಮಡಿಕೇರಿಯಂಥ ಊರಲ್ಲಿ ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಲೇಬೇಕು. ನಾನು ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಮಾಡುತ್ತಿದ್ದೆ. ಜಾಸ್ತಿ ಆಯ್ತು ಅಂತ ಹೆಂಡತಿ ಅನ್ನುತ್ತಾಳೆ. ಇರಲಿ.

ಹಿಂದಿನ ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರ್ (ಡ್ರಮ್ ಒಳಗೆ ಬ್ರೇಕ್ ಒತ್ತುವ ಭಾಗ) ಜಿನುಗುತ್ತಿದೆಯಾ ನೋಡಿ. 97ರ ಗಾಡಿ, ಜಿನುಗೇ ಜಿನುಗುತ್ತೆ.

ಇನ್ನು ನ್ಯೂಟ್ರಲ್. ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲಿದ್ದು ಎಕ್ಸಲೇಟರ್ ಬಿಟ್ಟರೆ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತದೆ, ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಹಾಕಿದರೆ ಐಡ್ಲಿಂಗ್‌ಗೆ ಪೆಟ್ರೋಲ್ ಬೇಕೇ ಬೇಕು. ಅಂದರೆ ನ್ಯೂಟ್ರಲ್‌ನಲ್ಲೇ ಜಾಸ್ತಿ ಕುಡಿಯುತ್ತದೆ. ನಿಮ್ಮದು ಕಾರ್ಬುರೇಟರ್, ನಿಜ, ನಾಲ್ಕು ಹನಿ ಉಳಿಯಬಹುದು. ಆ ನಾಲ್ಕು ಹನಿಗೆ ಒಂದು ಸೆಟ್ ಪ್ಯಾಡ್ ಕೊಡುತ್ತೀರಾ? ಕೀ ಆಫ್ ಮಾಡಿ ಇಳಿಯುವವರೂ ಇದ್ದಾರೆ. ಪೆಡಲ್ ಹಗುರ ಮಾಡುವ ಬೂಸ್ಟರ್‌ಗೆ ಇಂಜಿನ್‌ನಿಂದ ವ್ಯಾಕ್ಯೂಮ್ ಸಿಗಲ್ಲ, ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಬಂಡೆ ಆಗುತ್ತದೆ. ಕೀ ಹೊರಗೆ ಬಂದರೆ ಸ್ಟೇರಿಂಗ್ ಲಾಕ್. ಅವರಿಗೆ ಏನು ಹೇಳೋದು.

ಹಳೇ ಲಾರಿ ಡ್ರೈವರ್‌ಗಳ ಲೆಕ್ಕ ಸರಿ ಇದೆ: ಏರಿದ ಗೇರಲ್ಲೇ ಇಳಿ. ಇಳಿಜಾರು ಶುರುವಾಗುವ ಮುಂಚೆಯೇ ಎರಡು ಅಥವಾ ಮೂರು ಹಾಕಿ. ಸ್ಪೀಡ್ ಏರಿದಾಗ ಒಮ್ಮೆ ಗಟ್ಟಿಯಾಗಿ ಬ್ರೇಕ್ ಹಿಡಿದು ಇಳಿಸಿ, ಪೂರ್ತಿ ಬಿಟ್ಟುಬಿಡಿ. ಸವರುತ್ತಾ ಕೂರಬೇಡಿ. ಇಂಜಿನ್ ಸದ್ದಿಗೆ ಹೆದರಬೇಡಿ, ಆರ್‌ಪಿಎಂ ಕೆಂಪು ಗೆರೆ ದಾಟದಿದ್ದರೆ ಸಾಕು. ಆಟೋಮ್ಯಾಟಿಕ್ ಇರುವವರು ಎಲ್ ಅಥವಾ 2 ಹಾಕಿ. ಎಲೆಕ್ಟ್ರಿಕ್ ಗಾಡಿಯವರು ಗುಡ್ಡದ ಮೇಲೆ 100% ಚಾರ್ಜ್ ಮಾಡಿ ಇಳಿಯಬೇಡಿ. ಬ್ಯಾಟರಿಯಲ್ಲಿ ಜಾಗ ಇಲ್ಲದಿದ್ದರೆ ರೀಜನ್ (ಬ್ಯಾಟರಿ ಚಾರ್ಜ್ ಮಾಡುತ್ತಾ ಗಾಡಿ ನಿಧಾನ ಮಾಡುವ ಬ್ರೇಕ್) ಸರಿಯಾಗಿ ಹಿಡಿಯುವುದಿಲ್ಲ. ವಾಸನೆ ಬಂದರೆ ನಿಲ್ಲಿಸಿ, ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಕಾಯಿರಿ. ಬಿಸಿ ಡಿಸ್ಕಿಗೆ ನೀರು ಎರಚಬೇಡಿ, ಸೊಟ್ಟ ಆಗುತ್ತದೆ. ಇನ್ನೊಂದು, ಕಿರಿದಾದ ರಸ್ತೆಯಲ್ಲಿ ಏರಿ ಬರುವ ಗಾಡಿಗೆ ಮೊದಲು ದಾರಿ. ಇಳಿಯುವವರು ನಿಲ್ಲಬೇಕು. ನಮ್ಮ ಕಡೆಯವರು ಲೈಟ್ ಹೊಡೆದು ನುಗ್ಗುತ್ತಾರೆ, ಅಲ್ಲಿ ಬೈಸಿಕೊಳ್ಳುತ್ತಾರೆ.

ಸ್ಪ್ರಿಂಗ್ ವಾಪಸ್ ಹಾಕಿಸಿ. ಮಡಿಕೇರಿಯಲ್ಲಿ ಬಾಡಿಗೆ ಮನೆಯ ಗೇಟಿಗೆ ಇಳಿಯುವ ರ‍್ಯಾಂಪ್ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಮುಂದಿನ ಬಂಪರ್ ಒಂದು ತಿಂಗಳು ಬಾಳುವುದಿಲ್ಲ. ಟೈರ್ ಕೂಡ ಕಂಪನಿ ಸೈಜ್. ಹಗುರ ಗಾಡಿಗೆ ಅಗಲ ಟೈರ್ ಹಾಕಿದರೆ ನಿಂತ ನೀರಿನ ಮೇಲೆ ತೇಲುತ್ತದೆ. ಬಾಗಲಕೋಟೆಗೆ ವರ್ಷಕ್ಕೆ 500–600 ಮಿ.ಮೀ. ಮಳೆ, ಅಲ್ಲಿ 3,000 ದಾಟುತ್ತದೆ. ಕಾನೂನು 1.6 ಮಿ.ಮೀ. ಗ್ರಿಪ್ ಸಾಕು ಅನ್ನುತ್ತೆ, ನಾನು 3ಕ್ಕೆ ಬಂದಾಗ ಬದಲಿಸುತ್ತೇನೆ. ಒದ್ದೆ ರಸ್ತೆಗೆ ನನಗೆ ಯೋಕೋಹಾಮಾ ಇಷ್ಟ, ಮಿಶೆಲಿನ್ ಇನ್ನೂ ಮೆತ್ತಗೆ, ಜೇಬು ನೋಡಿಕೊಳ್ಳಿ. ಪಕ್ಕದಲ್ಲಿರುವ ನಾಲ್ಕು ಅಂಕಿಯ ತಾರೀಖು ನೋಡಿ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಗ್ರಿಪ್ ಇದ್ದರೂ ರಬ್ಬರ್ ಒಣಗಿರುತ್ತದೆ, ನಮ್ಮ ಬಿಸಿಲಿಗೆ ಕೇಳಬೇಕಾ.

ಆ ವಾಟರ್‌ಪ್ರೂಫ್ ಕವರ್ ಯಾರಿಗಾದರೂ ಕೊಟ್ಟುಬಿಡಿ. ನೆಲದಿಂದ ಏಳುವ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ನಾನು ಜುಲೈನಲ್ಲಿ ಮೂರು ವಾರ ಮುಚ್ಚಿಟ್ಟು ತೆಗೆದರೆ ಸೀಟ್ ಬೆಲ್ಟ್ ಮೇಲೆ ಬಿಳಿ ಬೂಷ್ಟು, ಬಾಗಿಲ ಕೆಳಗೆ ತುಕ್ಕಿನ ಗುಳ್ಳೆ. ಮೇಲೆ ತಗಡು, ನಾಲ್ಕೂ ಕಡೆ ಗಾಳಿ, ಅಷ್ಟು ಸಾಕು. ಬಾಗಿಲ ಕೆಳಗೆ ನೀರು ಹೋಗುವ ಸಣ್ಣ ತೂತುಗಳನ್ನು, ವೈಪರ್ ಕೆಳಗೆ ಎಲೆ ಕೂರುವ ಜಾಗವನ್ನು ತಿಂಗಳಿಗೊಮ್ಮೆ ಕಸ ತೆಗೆದು ನೋಡಿ. ಮ್ಯಾಟ್ ಕೆಳಗೆ ಹಳೇ ಪೇಪರ್. ಮಳೆಯಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ಮೂರು ದಿನ ನಿಲ್ಲಿಸಿದರೆ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರ್ ಹಾಕಿ, ಮುಂಚಕ್ರ ಗೋಡೆ ಕಡೆ ತಿರುಗಿಸಿ, ಕಲ್ಲು ಕೊಡಿ.

ಮಂಜಿಗೆ ಹಳದಿ ಬಲ್ಬ್ ಹಾಕಿ, ಹೈ ಬೀಮ್ ಬೇಡ, ಅದು ವಾಪಸ್ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಗ್ಲಾಸ್ ಒಳಗೆ ಮಬ್ಬಾದರೆ ಬಟ್ಟೆಯಲ್ಲಿ ಒರೆಸಬೇಡಿ. ಎಸಿ ಮತ್ತು ಹೀಟರ್ ಎರಡೂ ಒಟ್ಟಿಗೆ ಹಾಕಿ, ಹೊರಗಿನ ಗಾಳಿ ತಗೊಳ್ಳಿ. ಝೆನ್‌ನ ಹೀಟರ್ ವಾಲ್ವ್ ಸ್ವತಂತ್ರ ಬಂದಾಗಿನಿಂದ ತಿರುಗಿಸಿಲ್ಲ ಅಂತ ಗೊತ್ತು, ಹೊರಡುವ ಮುಂಚೆ ತಿರುಗಿಸಿ ನೋಡಿ, ಜಿನುಗಿದರೆ ಊರಲ್ಲೇ ಜಿನುಗಲಿ. ರೇಡಿಯೇಟರ್‌ಗೆ ಇಷ್ಟು ದಿನ ಬೋರ್‌ವೆಲ್‌ನ ಸವಳು ನೀರು ಹಾಕಿದ್ದರೆ ಫ್ಲಶ್ ಮಾಡಿಸಿ ಕೂಲೆಂಟ್ ಹಾಕಿ. ಮಡಿಕೇರಿ 1,100 ಮೀಟರ್‌ಗಿಂತ ಎತ್ತರ, ಅಂದರೆ ಬಾಗಲಕೋಟೆಯ ಸುಮಾರು ಎರಡರಷ್ಟು. ಕಾರ್ಬುರೇಟರ್ ಸ್ವಲ್ಪ ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ) ಓಡುತ್ತದೆ, ಪವರ್ ಒಂಚೂರು ಕಡಿಮೆ. ಆದರೆ ಪೆಟ್ರೋಲ್ ಬಿಡುವ ಜೆಟ್ ಬದಲಿಸುವಷ್ಟು ಏನಿಲ್ಲ, ಸುಮ್ನೆ ಕೈ ಹಾಕಬೇಡಿ. ಮಳೆಗಾಲದಲ್ಲಿ ಘಾಟ್ ಇಳಿಯುವ ಮುಂಚೆ ರಸ್ತೆ ತೆರೆದಿದೆಯಾ ಕೇಳಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲ ಕಡೆ ಗುಡ್ಡವೇ ಕುಸಿದು ಬಂದಿತ್ತು. ವಿಳಾಸ ಬದಲಾದದ್ದನ್ನು 30 ದಿನದೊಳಗೆ ಆರ್‌ಟಿಒಗೆ ತಿಳಿಸಿ. ರಾಜ್ಯದೊಳಗೇ ಆದ್ದರಿಂದ ಕೆಎ-29 ನಂಬರ್ ಹಾಗೇ ಇರುತ್ತದೆ, ಹೊಸ ಟ್ಯಾಕ್ಸ್ ಇಲ್ಲ.

ಹೊರಡುವ ಮುಂಚೆ ಒಂದು ಭಾನುವಾರ ಬೆಳಗಾವಿಗೆ ಬನ್ನಿ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು ವಾಪಸ್ ಏರೋಣ. ನಿಮ್ಮ ಜಿಲ್ಲೆಯಲ್ಲಿ ಹರಿಯುವ ಮಲಪ್ರಭೆ ಹುಟ್ಟೋದು ಅದೇ ಕಣಕುಂಬಿಯಲ್ಲಿ, ಅದನ್ನೂ ನೋಡಿದಂತಾಗುತ್ತೆ. ಎರಡನೇ ಗೇರಲ್ಲಿ ಇಳಿಯೋದು ಕಾಲಿಗೆ ರೂಢಿ ಆಗಲಿ. ಸೀಲ್ ಒಡೆಯದ ಡಾಟ್ 4 ಅರ್ಧ ಲೀಟರ್ ತನ್ನಿ. ಪೈಪು, ಸ್ಪ್ಯಾನರ್, ಜಾಕ್ ನನ್ನ ಹತ್ತಿರ ಇವೆ. ಪೆಡಲ್ ಒತ್ತೋಕೆ ಮಾತ್ರ ಯಾರನ್ನಾದರೂ ಜೊತೆಗೆ ಕರೆತನ್ನಿ, ಮಗನಿಗೆ ಈಗ ಮೀಸೆ ಬಂದಿದೆ, ನನ್ನ ಮಾತು ಕೇಳುವುದಿಲ್ಲ.